ರೆಸಿನ್ ಗೊಂಬೆ: ಬಣ್ಣದ ಡಬ್ಬಿ ತೆರೆಯುವ ಮುನ್ನ

ಪೆಟ್ಟಿಗೆ ಬಿಚ್ಚಿದರೆ ಏಳೆಂಟು ತುಂಡು: ಮುಂಡ, ತಲೆ, ಎರಡು ತೋಳು, ಕತ್ತಿ, ಮೇಲಂಗಿ, ಪೀಠ. ಸುಮಾರು 75 ಮಿ.ಮೀ. ಎತ್ತರದ ಯೋಧನ ಗೊಂಬೆ ಎಂದಿಟ್ಟುಕೊಳ್ಳಿ. 28 ಮಿ.ಮೀ.ನ ಆಟದ ಗೊಂಬೆಗಳಿಗೂ ಕ್ರಮ ಇದೇ. ಹೊಸಬರು ಹೆಚ್ಚಾಗಿ ಎಡವುವುದು ಕುಂಚ ಹಿಡಿಯುವ ಮೊದಲೇ, ತೊಳೆಯುವಲ್ಲಿ ಮತ್ತು ಅಂಟಿಸುವಲ್ಲಿ.

ತೊಳೆಯಿರಿ, ಒಣಗಿಸಿ

ಪಾಲಿಯುರೆಥೇನ್ ರೆಸಿನ್ನಿನ ಎರಡು ದ್ರವಗಳನ್ನು ಬೆರೆಸಿ ಸಿಲಿಕೋನ್ ಅಚ್ಚಿಗೆ ಸುರಿದು ಈ ತುಂಡುಗಳನ್ನು ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಸಲೀಸಾಗಿ ಬಿಟ್ಟುಬರಲೆಂದು ಹಚ್ಚಿದ ಜಿಡ್ಡು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಅಂಟನ್ನೂ ಹಿಡಿಯಗೊಡುವುದಿಲ್ಲ, ಪ್ರೈಮರನ್ನೂ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಹಿಡಿಯಗೊಡುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹತ್ತು ಹದಿನೈದು ನಿಮಿಷ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದುಗೊಂದು ಬಿಡದೆ ಉಜ್ಜಿ. ತೊಳೆಯುವಾಗ ಟೀ ಸೋಸುವ ಜರಡಿ ಕೆಳಗಿರಲಿ. ಬೆರಳು, ಕತ್ತಿಹಿಡಿಯಂಥ ಚೂರು ಸಿಂಕಿನಲ್ಲಿ ಹೋದರೆ ಸಿಗುವುದಿಲ್ಲ. ರಾತ್ರಿಯಿಡೀ ಆರಲು ಬಿಡಿ.

ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಗೊಂಬೆಯಾದರೆ ವಿಷಯ ಬೇರೆ. ಪೂರ್ತಿ ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಮೈ ಅಂಟಂಟಾಗಿದ್ದರೆ ನೈಟ್ರೈಲ್ ಗ್ಲೌಸ್ ತೊಟ್ಟು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿದ ಮೇಲೆ ಯುವಿ ಬೆಳಕಿಗೆ ಇಡಬೇಕು. ತೊಳೆದ ಆ ದ್ರವವನ್ನು ಮೋರಿಗೆ ಸುರಿಯಬೇಡಿ.

ಕತ್ತರಿಸಿ, ಉಜ್ಜಿ

ರೆಸಿನ್ ಸುರಿದ ಬಾಯಿಯಲ್ಲಿ ದಪ್ಪ ಗಟ್ಟಿಯೊಂದು ಉಳಿದಿರುತ್ತದೆ. ಅದನ್ನು ಕಟ್ಟರ್‌ನಿಂದ ಬುಡಕ್ಕೇ ಕಚ್ಚಿ ತೆಗೆದರೆ ಗೊಂಬೆಯ ಕಡೆಗೂ ಚಕ್ಕೆ ಹಾರುತ್ತದೆ, ಯಾಕೆಂದರೆ ರೆಸಿನ್ ಬಾಗುವ ಬದಲು ಸಿಡಿಯುತ್ತದೆ. ಸಣ್ಣ ಹಲ್ಲಿನ ಗರಗಸದಿಂದ ಒಂದೆರಡು ಮಿ.ಮೀ. ಬಿಟ್ಟು ಕೊಯ್ದು, ಉಳಿದದ್ದನ್ನು ಅರದಿಂದ ತೆಗೆಯಿರಿ. ಕೊಯ್ದ ಗಟ್ಟಿಯನ್ನು ಎಸೆಯಬೇಡಿ. ಅಂಟು, ಪ್ರೈಮರ್, ವಾರ್ನಿಷ್ ಯಾವುದನ್ನೇ ಆಗಲಿ ಮೊದಲು ಅದರ ಮೇಲೆ ಪರೀಕ್ಷಿಸಬಹುದು.

ಅಚ್ಚಿನ ಎರಡು ಹೋಳು ಕೂಡುವಲ್ಲಿ ಎದ್ದ ಗೆರೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು, 400, ಆಮೇಲೆ 600 ನಂಬರಿನ ವಾಟರ್ ಪೇಪರಿನಿಂದ ನೀರು ಹಚ್ಚಿಯೇ ಉಜ್ಜಿ. ಒಣ ಉಜ್ಜಿದರೆ ಏಳುವ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗರಗಸ ಆಡಿಸುವಾಗ ಎನ್95 ಮಾಸ್ಕ್ ಇರಲಿ. ಬಟ್ಟೆಯ ಮಾಸ್ಕ್ ಸಾಲದು.

ಕತ್ತಿ ಸೊಟ್ಟಗಿದ್ದರೆ ಗಾಬರಿ ಬೇಡ. ಕುದಿಯದ, ಆದರೆ ಚೆನ್ನಾಗಿ ಕಾದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಮೆತ್ತಗಾದೊಡನೆ ನೇರಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಇಳಿಸಿ. ಎರಕದ ರೆಸಿನ್ನಿಗೆ ಮಾತ್ರ ಈ ಉಪಾಯ ನಂಬಬಹುದು.

ಅಂಟು

ಪ್ಲಾಸ್ಟಿಕ್ ಕಿಟ್‌ಗಳಿಗೆ ಬಳಸುವ ಪಾಲಿಸ್ಟೈರೀನ್ ಸಿಮೆಂಟ್ ಇಲ್ಲಿ ನಡೆಯದು. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ಮೈಯನ್ನು ಒಂದಾಗಿಸುತ್ತದೆ. ಒಮ್ಮೆ ಗಟ್ಟಿಯಾದ ರೆಸಿನ್ ಅದಕ್ಕೆ ಕರಗುವುದಿಲ್ಲ. ಹಾಗಾಗಿ ಉಳಿದವು ಎರಡು: ಫೆವಿಕ್ವಿಕ್ ಜಾತಿಯ ಸೈನೊಅಕ್ರಿಲೇಟ್ ಅಥವಾ ಎರಡು ಟ್ಯೂಬಿನ ಎಪಾಕ್ಸಿ.

ಸೈನೊಅಕ್ರಿಲೇಟ್ ಗಟ್ಟಿಯಾಗುವುದು ಗಾಳಿಯ ಮತ್ತು ಮೈಮೇಲಿನ ತೇವದಿಂದ. ತೆಳುವಾಗಿದ್ದಷ್ಟೂ ಬೇಗ ಹಿಡಿಯುತ್ತದೆ. ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಒಳಗೆ ಹಸಿಯಾಗಿಯೇ ಇದ್ದು ತುಂಡು ಜಾರುತ್ತದೆ. ಸಾಸಿವೆ ಕಾಳಿನಷ್ಟು ಸಾಕು. ನೀರಿನಂತೆ ಹರಿಯುವ ಅಂಟು ಸಂದಿನಿಂದ ಹೊರಬಂದು ಮುಖದ ಕೆತ್ತನೆಯನ್ನೇ ಮುಚ್ಚುವುದುಂಟು, ಆದ್ದರಿಂದ ಜೆಲ್ ಮಾದರಿಯನ್ನು ಕಡ್ಡಿಯ ತುದಿಯಲ್ಲಿ ಇಡುವುದು ಮೇಲು. ಅಂಟಿಸಿದ ಕೂಡಲೇ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಅದರ ಆವಿ ಸುತ್ತ ಬಿಳಿ ಪುಡಿಯಾಗಿ ಕೂರುತ್ತದೆ.

ಈ ಅಂಟಿನ ದೌರ್ಬಲ್ಯ ಪಕ್ಕದಿಂದ ಬೀಳುವ ಪೆಟ್ಟು. ಚಾಚಿದ ತೋಳು, ಭಾರದ ಮೇಲಂಗಿಗೆ ಪಿನ್ ಕೂರಿಸಲೇಬೇಕು. 1 ಮಿ.ಮೀ. ಬಿಟ್ ಹಾಕಿದ ಕೈ ಡ್ರಿಲ್‌ನಿಂದ ಒಂದು ತುಂಡಿನಲ್ಲಿ 4-5 ಮಿ.ಮೀ. ಆಳ ಕೊರೆಯಿರಿ. ಆ ತೂತಿನ ಬಾಯಿಗೆ ಹಸಿ ಬಣ್ಣದ ಚುಕ್ಕೆಯಿಟ್ಟು ಇನ್ನೊಂದು ತುಂಡನ್ನು ಒತ್ತಿದರೆ ಎದುರು ತೂತಿನ ಜಾಗ ಗುರುತಾಗುತ್ತದೆ. ಅಲ್ಲಿ ಕೊರೆದು, ಬಣ್ಣದ ಗುರುತು ಒರೆಸಿ, ಬಿಟ್‌ನಷ್ಟೇ ದಪ್ಪದ ಹಿತ್ತಾಳೆ ತಂತಿ ಅಥವಾ ಪೇಪರ್ ಕ್ಲಿಪ್ಪಿನ ತುಂಡು ಕೂರಿಸಿ. ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ. ಡ್ರಿಲ್ ಓರೆಯಾಗಿದ್ದರೆ ತೋಳು ತಾನೇ ಹೇಳುತ್ತದೆ.

ದೊಡ್ಡ ಕೂಡುಗಳಿಗೆ ಎಪಾಕ್ಸಿ ವಾಸಿ. ಎರಡು ಟ್ಯೂಬಿನಿಂದಲೂ ಸಮ ಪ್ರಮಾಣದಲ್ಲಿ ತೆಗೆದು ಒಂದು ನಿಮಿಷ ಬೆರೆಸಿ. ಅಳತೆ ತಪ್ಪಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದು. ‘ಐದು ನಿಮಿಷದ್ದು’ ಎಂದರೆ ಐದು ನಿಮಿಷಕ್ಕೆ ಹಿಡಿಯುತ್ತದೆ ಅಷ್ಟೆ, ಪೂರ್ಣ ಬಲ ಬರಲು ಗಂಟೆಗಳೇ ಬೇಕು.

ಸಂದು, ಗುಳ್ಳೆಯ ಗುಳಿಗಳನ್ನು ಎಪಾಕ್ಸಿ ಪುಟ್ಟಿಯಿಂದ ತುಂಬಿ, ಒದ್ದೆ ಬೆರಳಿನಿಂದ ಸವರಿ. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಒರಟು. ಪೀಠಕ್ಕೆ ಸರಿ, ಮುಖಕ್ಕೆ ಬೇಡ. ಸೈನೊಅಕ್ರಿಲೇಟ್ ಮೇಲೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುವುದು ನಿಜ. ಆದರೆ ಆಮೇಲೆ ಉಜ್ಜಲು ಹೋದರೆ ಅದು ಸವೆಯುವ ಮೊದಲು ಸುತ್ತಲಿನ ರೆಸಿನ್ ಸವೆಯುತ್ತದೆ.

ಪ್ರೈಮರ್

ಸ್ಪ್ರೇ ಡಬ್ಬಿಯನ್ನು ಎರಡು ನಿಮಿಷ ಕುಲುಕಿ, 20ರಿಂದ 30 ಸೆಂ.ಮೀ. ದೂರದಿಂದ ಹೊಡೆಯಿರಿ. ಸ್ಪ್ರೇ ಗೊಂಬೆಯ ಹೊರಗೆ ಶುರುವಾಗಿ, ಗೊಂಬೆಯನ್ನು ದಾಟಿ ಹೊರಗೇ ನಿಲ್ಲಬೇಕು. ತೀರ ಹತ್ತಿರವಾದರೆ ಹರಿದು ನಿಲ್ಲುತ್ತದೆ. ತೀರ ದೂರವಾದರೆ ಹನಿಗಳು ಗಾಳಿಯಲ್ಲೇ ಒಣಗಿ ಮೈ ಮರಳುಮರಳಾಗುತ್ತದೆ. ಎರಡು ಮೂರು ತೆಳು ಪದರ, ಬಳಿಕ ಒಂದು ದಿನ ಬಿಡುವು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸ್ಪ್ರೇ ಸಹವಾಸವೇ ಬೇಡ, ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ಬಳಸಿ. ಮೊದಲು ಕಪ್ಪು ಹೊಡೆದು, ಮೇಲಿನಿಂದ ಮಾತ್ರ ಬಿಳಿ ಹಾಯಿಸಿದರೆ ನೆರಳು ಎಲ್ಲಿ, ಬೆಳಕು ಎಲ್ಲಿ ಎಂಬ ನಕ್ಷೆ ತಯಾರಾಗುತ್ತದೆ.

ಬಣ್ಣ

ಒಳಗಿನಿಂದ ಹೊರಗೆ ಬನ್ನಿ: ಚರ್ಮ, ಒಳಉಡುಪು, ಮೇಲಂಗಿ, ಕೊನೆಗೆ ಪಟ್ಟಿ, ಆಯುಧ. ಅಕ್ರಿಲಿಕ್ ಬಣ್ಣವನ್ನು ಡಬ್ಬಿಯಿಂದ ನೇರ ಹಚ್ಚಬೇಡಿ. ಹನಿಗೆ ಹನಿ ನೀರಿನಿಂದ ಶುರುಮಾಡಿ ಹದ ನೋಡಿ. ಒಂದೇ ಪದರಕ್ಕೆ ಪ್ರೈಮರ್ ಪೂರ್ತಿ ಮುಚ್ಚಿತೆಂದರೆ ಬಣ್ಣ ದಪ್ಪವಾಗಿದೆ. ಎರಡು ಮೂರು ಪದರ ಬೇಕು, ನಡುವೆ ಹತ್ತು ಹದಿನೈದು ನಿಮಿಷ. ಅರೆ ಒಣಗಿದ್ದನ್ನು ಮತ್ತೆ ತಿಕ್ಕಿದರೆ ಕೆಳಗಿನ ಪದರ ಕಿತ್ತುಬರುತ್ತದೆ.

ಸೆಕೆಯಲ್ಲಿ ಬಣ್ಣ ತಟ್ಟೆಯಲ್ಲೇ ಒಣಗುತ್ತದೆ. ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಅದರ ಮೇಲೆ ಕೇಕ್ ಬೇಯಿಸುವ ಪಾರ್ಚ್‌ಮೆಂಟ್ ಕಾಗದ ಹರಡಿ, ಬಣ್ಣವನ್ನು ಆ ಕಾಗದದ ಮೇಲೆ ಇಡಿ. ಮೇಣ ಸವರಿದ ಕಾಗದ ಬೇಡ, ನೀರನ್ನು ಮೇಲಕ್ಕೆ ಬಿಡುವುದಿಲ್ಲ.

ಮೂಲ ಬಣ್ಣ ಒಣಗಿದ ಮೇಲೆ ಮಡಿಕೆಗಳಿಗೆ ತೆಳು ಕಂದು ವಾಶ್ (ನೀರಾಗಿಸಿದ ಬಣ್ಣ) ಇಳಿಸಿ. ಉಬ್ಬಿನ ಮೇಲೆ ನಿಂತದ್ದನ್ನು ಒದ್ದೆ ಕುಂಚದಿಂದ ಹೀರಿ, ಇಲ್ಲವಾದರೆ ಅಂಚಿನಲ್ಲಿ ಕಲೆಯ ಬಳೆ ಮೂಡುತ್ತದೆ. ನಂತರ ಮೂಲ ಬಣ್ಣಕ್ಕೇ ಬಿಳಿ ಅಥವಾ ತಿಳಿ ಹಳದಿ ಬೆರೆಸುತ್ತ ಉಬ್ಬುಗಳನ್ನು ಎತ್ತಿ ತೋರಿಸಿ. ಲೋಹದ ಬಣ್ಣದ ಕುಂಚಕ್ಕೆ ಬೇರೆ ನೀರಿನ ಲೋಟ ಇರಲಿ. ಅದರ ಮಿನುಗು ಚೂರು ಮುಖಕ್ಕೆ ಹತ್ತಿದರೆ ತೆಗೆಯುವುದು ಕಷ್ಟ.

ಒಂದು ದಿನ ಬಿಟ್ಟು ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆಯಿರಿ. ತೇವದ ಹವೆಯಲ್ಲಿ ಇದು ಬಿಳಿ ಮಂಜು ಕಟ್ಟುತ್ತದೆ. ಹಾಗಾದರೆ ಮೇಲೆ ಒಂದು ಪದರ ಹೊಳಪಿನ (ಗ್ಲಾಸ್) ವಾರ್ನಿಷ್ ಹಚ್ಚಿ ನೋಡಿ, ಅನೇಕ ಸಲ ತಿಳಿಯಾಗುತ್ತದೆ. ಗೊಂಬೆಯ ಕಣ್ಣಿಗೆ ಹೊಳಪಿನ ವಾರ್ನಿಷ್ ಒಂದು ಚುಕ್ಕೆ. ಮುಗಿದ ಗೊಂಬೆಯನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಕತ್ತಿ ಮತ್ತೆ ಬಾಗುತ್ತದೆ, ಬಣ್ಣ ಹಚ್ಚಿದ ಮೇಲೆ ಬಿಸಿನೀರಿನ ಉಪಾಯವೂ ಇಲ್ಲ.