ಹೊಸ್ತಿಲು ದಾಟುವಾಗ ಕಣ್ಣೆಲ್ಲಿರಬೇಕು?

ಸಮತಟ್ಟಾದ ನೆಲದಲ್ಲಿ ಕಾಲು ಮುಂದೆ ಬೀಸುವಾಗ ಹೆಬ್ಬೆರಳಿಗೂ ನೆಲಕ್ಕೂ ನಡುವೆ ಒಂದು ಗಳಿಗೆ ಉಳಿಯುವ ಜಾಗ 1–2 ಸೆಂ.ಮೀ. ಅಷ್ಟೇ. ಎದುರಿಗೆ ಹೊಸ್ತಿಲು ಕಂಡರೆ ಅದೇ ಕಾಲು ಅದರ ಮೇಲೆ ಸುಮಾರು 10 ಸೆಂ.ಮೀ. ಜಾಗ ಬಿಟ್ಟು ದಾಟುತ್ತದೆ. ಹಾಗಾಗಿ ನಾವು ದೊಡ್ಡ ಕಲ್ಲಿಗಿಂತ ಚಾಪೆಯ ಅಂಚಿಗೆ, ಫುಟ್‌ಪಾತಿನಲ್ಲಿ ಚೂರೇ ಎದ್ದ ಚಪ್ಪಡಿಗೆ ಎಡವುವುದು ಜಾಸ್ತಿ.

ಮೊದಲು ಒಂದು ಪರೀಕ್ಷೆ. ನೆಲದ ಮೇಲೆ ಒಂದು ಮಣೆ ಇಟ್ಟು ಏಳೆಂಟು ಹೆಜ್ಜೆ ದೂರದಿಂದ ಸುಮ್ನೆ ನಡೆದು ಬನ್ನಿ. ನಿಮ್ಮ ಕಣ್ಣು ಎತ್ತ ಹೋಗುತ್ತದೆಂದು ಮನೆಯವರು ನೋಡಲಿ. ಎರಡು ಹೆಜ್ಜೆ ಇರುವಾಗಲೇ ನೀವು ಮಣೆಯನ್ನು ನೋಡಿ ಮುಗಿಸಿರುತ್ತೀರಿ. ಕೊನೆಯ ಹೆಜ್ಜೆಗಳು ತಾವಾಗಿಯೇ ಒಂದಿಷ್ಟು ಗಿಡ್ಡವೋ ಉದ್ದವೋ ಆಗಿರುತ್ತವೆ. ಮುಂದಿನ ಕಾಲು ದಾಟಿದ ಮೇಲೆ ಹಿಂದಿನ ಕಾಲು ಬರುವುದು ಬರೀ ನೆನಪಿನ ಮೇಲೆ. ತಗಲುವುದೂ ಹೆಚ್ಚಾಗಿ ಅದೇ.

ಆದ್ದರಿಂದ ಪಾದವನ್ನೇ ದಿಟ್ಟಿಸುತ್ತಾ ನಡೆಯಬೇಡಿ. ನೋಟ ಎರಡು ಹೆಜ್ಜೆ ಮುಂದಿರಲಿ, ಹಿಂದಿನ ಕಾಲನ್ನು ಬೇಕೆಂದೇ ಎತ್ತಿ ದಾಟಿಸಿ. ಬಟ್ಟೆಯ ಬುಟ್ಟಿಯನ್ನು ಎದೆಗವಚಿಕೊಂಡರೆ ನೆಲ ಕಾಣುವುದಿಲ್ಲ, ಸೊಂಟದ ಪಕ್ಕಕ್ಕೆ ಇಟ್ಟುಕೊಳ್ಳಿ. ಬೈಫೋಕಲ್ ಕನ್ನಡಕದವರು ಗದ್ದ ತಗ್ಗಿಸಿ ಗಾಜಿನ ಮೇಲ್ಭಾಗದಿಂದ ನೋಡಬೇಕು. ಕೆಳಭಾಗ ಓದುವುದಕ್ಕೆ ಇರುವುದು, ಅದರಲ್ಲಿ ಮೆಟ್ಟಿಲು ಮಸುಕು.

ಮೆಟ್ಟಿಲಿನ ಕಥೆ ಬೇರೆ. ಮೊದಲ ಎರಡು ಮೂರು ಮೆಟ್ಟಿಲಿನಲ್ಲೇ ಕಾಲು ಎತ್ತರ ಕಲಿತುಬಿಡುತ್ತದೆ, ಆಮೇಲೆ ನಾವು ಮಾತಾಡುತ್ತಾ ಹತ್ತುತ್ತೇವೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನ 36ನೇ ಸ್ಟ್ರೀಟ್ ಸಬ್‌ವೇ ನಿಲ್ದಾಣದಲ್ಲಿ ಒಂದೇ ಒಂದು ಮೆಟ್ಟಿಲು ಉಳಿದವಕ್ಕಿಂತ ತುಸು ಎತ್ತರವಿತ್ತು. ಜನ ಒಬ್ಬರ ಹಿಂದೊಬ್ಬರು ಅಲ್ಲೇ ಮುಗ್ಗರಿಸುವ ವಿಡಿಯೊ 2012ರಲ್ಲಿ ಹರಿದಾಡಿತ್ತು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಚಿಲ್ಲರೆ ಕಲ್ಲು ಮೆಟ್ಟಿಲು ಒಂದರಂತೆ ಒಂದಿಲ್ಲ. ಆದರೆ ಅಲ್ಲಿ ಪ್ರತಿ ಮೆಟ್ಟಿಲನ್ನೂ ನೋಡಿಯೇ ಹತ್ತುತ್ತೇವೆ, ಅಲ್ವಾ? ಮೋಸ ಮಾಡುವುದು ಒಂದೇ ಸಮ ಕಾಣುವ ಮೆಟ್ಟಿಲುಗಳ ನಡುವಿನ ಒಂಟಿ ತಪ್ಪು.

ಮನೆ ಕಟ್ಟಿಸುವವರು ಇದನ್ನು ಮೇಸ್ತ್ರಿಗೆ ಮೊದಲೇ ಹೇಳಿ. ಮೆಟ್ಟಿಲು ಎರಕವಾದ ಮೇಲೆ ನೆಲಕ್ಕೆ ಗ್ರಾನೈಟ್ ಕೂರಿಸುತ್ತಾರೆ, ಆಗ ಕೆಳಗಿನ ಮೆಟ್ಟಿಲು ಗಿಡ್ಡವಾಗುತ್ತದೆ. ಆ ದಪ್ಪವನ್ನು ಲೆಕ್ಕದಲ್ಲಿ ಮುಂಚೆಯೇ ಹಿಡಿಯಬೇಕು.

ಇಳಿಯುವಾಗ ಇನ್ನೂ ಹುಷಾರು. ಒಂದು ಕೈ ಕಂಬಿಯ ಮೇಲಿರಲಿ. ಮಂಡಿನೋವಿದ್ದರೆ ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು ನೆಲಕ್ಕೆ ದಬಕ್ಕನೆ ಕಾಲಿಟ್ಟ ಅನುಭವ ಎಲ್ಲರಿಗೂ ಇದೆ. ಮೊದಲ ಮತ್ತು ಕೊನೆಯ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಹಳದಿ ಬಣ್ಣ ಬಳಿದು, ದೀಪದ ಸ್ವಿಚ್ಚನ್ನು ಮೇಲೂ ಕೆಳಗೂ ಹಾಕಿಸಿ.