ಎತ್ತಿದ ಮೇಲೆ ಎಲ್ಲಿಗೆ? ಹನ್ನೊಂದು ನಾಯಿ, ಎರಡು ಡ್ರಮ್ಮಿನ ಲೆಕ್ಕ

"ನಾಯಿ ಹೇಲು ಇಟ್ಕಂಡು ಗೊಬ್ಬರ ಮಾಡ್ತಾರಂತೆ ನೋಡ್ರಿ" ಅಂತ ನಕ್ಕವರ ಮನೆಯ ನಾಯಿಯದ್ದೂ ಈಗ ನಮ್ಮ ಡ್ರಮ್ಮಿಗೇ ಬರುತ್ತಿದೆ. ದಾವಣಗೆರೆಯ ಒಂದು ಬಡಾವಣೆ, ಎರಡು ಅಡ್ಡರಸ್ತೆ, 11 ಸಾಕುನಾಯಿ. ಇವುಗಳ ಮಲದಿಂದ ಡ್ರಮ್ಮಿನಲ್ಲಿ ಮಾಡುವ ಗೊಬ್ಬರದ ಐದನೇ ಬ್ಯಾಚ್ ಮುಗಿದಿದೆ. ನಾಯಿ ಸಾಕುವವರಿಗೆ ಬೆಲ್ಟು, ಬಿಸ್ಕತ್ತು ಹೇಳಿಕೊಡಬೇಕಿಲ್ಲ. ನೇರ ವಿಷಯಕ್ಕೆ ಬರುತ್ತೇವೆ.

ಬೀದಿಯಲ್ಲಿ ಮಲ ಬಿಟ್ಟುಬರುವವರದ್ದು ಒಂದೇ ಮಾತು: "ಬಿಸಿಲಿಗೆ ಒಣಗಿ ಹೋಗ್ತತಿ ಬಿಡ್ರಿ." ಒಣಗುವುದು ಮಲ, ಅದರೊಳಗಿನ ಜಂತಿನ ಮೊಟ್ಟೆಯಲ್ಲ. ಟಾಕ್ಸೋಕಾರ ಎನ್ನುವ ದುಂಡುಜಂತಿನ ಮೊಟ್ಟೆ ಬಿದ್ದ ದಿನ ಯಾರಿಗೂ ಅಂಟುವುದಿಲ್ಲ. ಎರಡು-ಮೂರು ವಾರ ಮಣ್ಣಲ್ಲಿ ಬಲಿತ ಮೇಲೆ ಅಂಟುತ್ತದೆ, ಆಮೇಲೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಮಲ ಪುಡಿಯಾಗಿ ಕಣ್ಣಿಗೆ ಕಾಣದೆ ಹೋದ ಜಾಗದಲ್ಲೇ ಮಕ್ಕಳು ಗೋಲಿ ಆಡುವುದು. ಕೊಕ್ಕೆಹುಳು ಇನ್ನೂ ಅವಸರದ್ದು: ಮಳೆಗಾಲದ ಬೆಚ್ಚಗಿನ ತೇವದಲ್ಲಿ ಒಂದೆರಡು ದಿನಕ್ಕೆ ಮೊಟ್ಟೆ ಒಡೆದು, ಹೆಚ್ಚೂಕಡಿಮೆ ವಾರದ ಹೊತ್ತಿಗೆ ಬರಿಗಾಲಿನ ಚರ್ಮ ಕೊರೆಯುವ ಮರಿ ತಯಾರು. ಅಂದರೆ ಎತ್ತಲು ಸುರಕ್ಷಿತ ಗಳಿಗೆ ನಾಯಿ ಮಲ ಹಾಕಿ ಎದ್ದ ಮರುಕ್ಷಣವೇ. ಸುಣ್ಣ, ಫಿನಾಯಿಲ್ ಸುರಿದು ಕೈತೊಳೆದುಕೊಂಡರೆ ಟಾಕ್ಸೋಕಾರದ ಮೊಟ್ಟೆ ಸುಲಭಕ್ಕೆ ಸಾಯುವುದಿಲ್ಲ. ಕುಂದುವಾಡ ಕೆರೆ ಏರಿಯ ಮೇಲೆ ನಾಯಿ ಓಡಾಡಿಸುವವರು ಆ ನೀರು ಊರಿನ ನಲ್ಲಿಗೇ ಬರುತ್ತದೆ ಅನ್ನುವುದನ್ನೂ ಸ್ವಲ್ಪ ನೆನೆಯಬೇಕು.

ಎತ್ತುವ ಕೆಲಸ ಸುಲಭ. ನಾಯಿ ಮೂಸುತ್ತಾ ಸುತ್ತು ಹಾಕಲು ಶುರು ಮಾಡಿದಾಗಲೇ ನಾಲ್ಕು ಮಡಿಕೆಯ ಪೇಪರ್ ಹಿಂದಿನಿಂದ ಜಾರಿಸಿ. ಹತ್ತಕ್ಕೆ ಏಳು ಸಲ ನೆಲಕ್ಕೆ ತಾಗುವುದೇ ಇಲ್ಲ, ಪೊಟ್ಟಣ ಕಟ್ಟಿದರೆ ಮುಗಿಯಿತು. ಭೇದಿಯಾಗಿದ್ದರೆ ಒಂದು ಹಿಡಿ ಕಟ್ಟಿಗೆ ಹೊಟ್ಟು ಉದುರಿಸಿ, ಅರ್ಧ ನಿಮಿಷ ಬಿಟ್ಟು, ಹಳೇ ಗಾರೆ ಕರಣೆಯಲ್ಲಿ ಕೆರೆದು ತೆಗೆಯಿರಿ. ನೀರು ಮಾತ್ರ ಸುರಿಯಬೇಡಿ, ಅಂಗೈಯಗಲದ ಗಲೀಜು ಚರಂಡಿವರೆಗೂ ಹರಡುತ್ತದೆ.

ಜನ ಸೋಲುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪೊಟ್ಟಣ ಕೈಯಲ್ಲಿದೆ, ಹಾಕುವುದೆಲ್ಲಿಗೆ? ಕಸದ ಗಾಡಿಯವರು ಮುಖ ತಿರುಗಿಸುತ್ತಾರೆ, ಅವರದು ತಪ್ಪೂ ಅಲ್ಲ. ಮೂರನೇ ದಿನಕ್ಕೆ ಪೊಟ್ಟಣ ಖಾಲಿ ಸೈಟಿಗೆ ಹಾರುತ್ತದೆ, ನಾಲ್ಕನೇ ದಿನ ಎತ್ತುವುದೇ ನಿಲ್ಲುತ್ತದೆ.

ಮೊದಲು ಖಾಲಿ ಜಾಗದಲ್ಲಿ ಮೂರಡಿ ಗುಂಡಿ ತೆಗೆಸಿದೆವು, ಕೂಲಿ ಸುಮಾರು 600. ಎರೆಮಣ್ಣು. ಮೊದಲ ಮಳೆಗೇ ನೀರು ನಿಂತು, ಇಂಗದೆ, ಬೀದಿಗೆಲ್ಲ ವಾಸನೆ. ಆ ದುಡ್ಡು ಹೋಯಿತು. ಚಿತ್ರದುರ್ಗದ ಕಡೆ ನೀರು ಬಸಿಯುವ ಕೆಂಪು ನೆಲದಲ್ಲಿ ಗುಂಡಿ ನಡೆಯಬಹುದು, ನಮ್ಮಲ್ಲಿ ನಡೆಯಲಿಲ್ಲ. ಆಮೇಲೆ 'ಕರಗುವ' ಚೀಲ: ಒಂದಕ್ಕೆ ಮೂರು ರೂಪಾಯಿ, ದಿನಕ್ಕೆ ಎರಡು, ನಾಯಿಗೆ ತಿಂಗಳಿಗೆ 180. ನಾಲ್ಕು ತಿಂಗಳಾದರೂ ಡ್ರಮ್ಮಿನಲ್ಲಿ ಚೀಲ ಚೀಲವಾಗಿಯೇ ಇತ್ತು. ಪೇಪರ್ ಮೂರು ವಾರಕ್ಕೆ ಹೇಳಹೆಸರಿಲ್ಲ.

ಈಗಿನ ಪದ್ಧತಿ ಹೀಗಿದೆ. ಪೇಂಟರುಗಳಿಂದ ತಂದ 20 ಲೀಟರಿನ ಮುಚ್ಚಳದ ಬಕೆಟ್ ಆರು. ಪ್ರತಿ ಪೊಟ್ಟಣದ ಮೇಲೆ ಒಂದು ಹಿಡಿ ಹೊಟ್ಟು. ಮೂರೂವರೆ ವಾರಕ್ಕೆ ಸುಮಾರು 60 ಕೆಜಿ ಸೇರುತ್ತದೆ. ಅದನ್ನು ಒಂದೇ ದಿನ 200 ಲೀಟರಿನ ಡ್ರಮ್ಮಿಗೆ ಸುರಿದು, ಎರಡು ಬಕೆಟ್ ಮಲಕ್ಕೆ ಒಂದು ಬಕೆಟ್ ಹೊಟ್ಟಿನಂತೆ ಕಲಸಬೇಕು. ದಿನಾ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದರೆ ಜಂತಿನ ಮೊಟ್ಟೆ ಸಾಯಿಸುವ ಕಾವು ಏಳುವುದಿಲ್ಲ, ಮೊದಲ ಬ್ಯಾಚ್ ಹಾಳಾದದ್ದು ಹಾಗೆಯೇ. ಈ ಎರಡಕ್ಕೊಂದರ ಅಳತೆ ಅಲಾಸ್ಕಾದಲ್ಲಿ ಹಿಮಬಂಡಿ ಎಳೆಯುವ ನಾಯಿ ಸಾಕುವವರದ್ದು. 2005ರಲ್ಲಿ ಅಮೆರಿಕದ ಕೃಷಿ ಇಲಾಖೆ ಅದನ್ನು ಪ್ರಕಟಿಸಿತ್ತು. ಹಿಮದೂರಲ್ಲಿ ಆದದ್ದು ದಾವಣಗೆರೆ ಬಿಸಿಲಲ್ಲಿ ಆಗದೇ?

ಹೊಟ್ಟಿನ ವಿಷಯದಲ್ಲೇ ಹೆಚ್ಚು ಕಲಿತದ್ದು. ರೈಸ್‌ಮಿಲ್ ಊರು, ಭತ್ತದ ಹೊಟ್ಟು ಅಗ್ಗ ಅಂತ ಹಾಕಿದೆವು. ಅದರಲ್ಲಿ ಮರಳಿನಲ್ಲಿರುವಂಥ ಸಿಲಿಕಾ, ಬೇಗ ಕೊಳೆಯುವುದಿಲ್ಲ. ಅದರ ಬೂದಿ ಹಾಕಿದಾಗ ಕ್ಷಾರ ಏರಿ ಅಮೋನಿಯಾ ಕಣ್ಣು ಉರಿಸಿತು. ಚನ್ನಗಿರಿ ಕಡೆಯ ಅಡಿಕೆ ಸಿಪ್ಪೆ ನಾರು ನಾರಾಗಿ ಹಾಗೇ ಉಳಿಯಿತು. ಗೆದ್ದದ್ದು ಸಾಮಿಲ್ಲಿನ ಕಟ್ಟಿಗೆ ಹೊಟ್ಟು ಮುಕ್ಕಾಲು ಪಾಲು, ಪುಡಿಮಾಡಿದ ಶೇಂಗಾ ಸಿಪ್ಪೆ ಕಾಲು ಪಾಲು. ಸಿಪ್ಪೆಯಿಂದ ಗಾಳಿ ಆಡುತ್ತದೆ. ಡ್ರಮ್ಮಿನ ಸುತ್ತ ಅರ್ಧ ಇಂಚಿನ 40 ತೂತು. ಹೊರಗೆ ಶೇಂಗಾ ಸಿಪ್ಪೆ ತುಂಬಿದ ಗೋಣಿಚೀಲ ಒರಗಿಸಿದರೆ ಕಾವು ನಿಲ್ಲುತ್ತದೆ.

ಒಂದು ಹಿಡಿ ಗಟ್ಟಿಯಾಗಿ ಹಿಂಡಿದರೆ ಎರಡು ಹನಿ ಬೀಳಬೇಕು, ಅಷ್ಟು ತೇವ (ಕೈಗವಸು ಕಡ್ಡಾಯ). ಮೂರನೇ ದಿನಕ್ಕೆ ಉದ್ದ ಕಡ್ಡಿಯ ಥರ್ಮಾಮೀಟರ್ 55 ಡಿಗ್ರಿ ದಾಟಬೇಕು. ಏಪ್ರಿಲ್ ಬ್ಯಾಚಿನಲ್ಲಿ 62 ಕಂಡಿದ್ದೇವೆ, ಡಿಸೆಂಬರಿನಲ್ಲಿ 48ಕ್ಕೇ ನಿಂತುಬಿಟ್ಟಿತು. ಕಾವು ಇಳಿದಾಗ ಎರಡನೇ ಡ್ರಮ್ಮಿಗೆ ಮಗುಚಿ, ಅಂಚಿನದ್ದು ನಡುವಿಗೆ ಬರಬೇಕು. ಹೀಗೆ ಮೂರು ಸಲ. ಅಮೋನಿಯಾ ವಾಸನೆ ಬಂದರೆ ಹೊಟ್ಟು ಕಡಿಮೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಜಾಸ್ತಿ. ಮೊದಲ ದಿನ ಚಿಮುಕಿಸುವ ಬೆಲ್ಲದ ನೀರಿಗೆ ನಾವು ಇನ್ನೊಂದು ಸೇರಿಸುತ್ತೇವೆ. ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಜಂತಿನ ಮಾತ್ರೆ ನುಂಗಿಸಿದ ನಾಯಿಯದ್ದು ನಾಲ್ಕು ದಿನ ಡ್ರಮ್ಮಿಗಿಲ್ಲ, ಹುಳು ಜೀವಂತ ಬೀಳುತ್ತವೆ. ಪಾರ್ವೊ (ವೈರಸ್ಸಿನಿಂದ ಹರಡುವ ವಾಂತಿ-ಭೇದಿ ರೋಗ) ಬಂದ ಮರಿಯದ್ದಂತೂ ಬೇಡವೇ ಬೇಡ. ಮೊದಲು ಎತ್ತಿ ತೆಗೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ನೆಲಕ್ಕೆ. ಮಲದ ಮೇಲೇ ಸುರಿದರೆ ಬ್ಲೀಚ್ ದಂಡ.

ಎರೆಹುಳು ಬಿಟ್ಟು ನೋಡಿದೆವು, ಬಿಸಿಗೆ ರಾತ್ರೋರಾತ್ರಿ ಪರಾರಿ. ಪರಿಚಯದವರ ಗೋಬರ್ ಗ್ಯಾಸಿಗೆ ಸಗಣಿ ಜೊತೆ ದಿನಕ್ಕೆ ಒಂದು ಕೆಜಿ ಹಾಕಿದೆವು. ಗ್ಯಾಸೇನೋ ಬಂತು, ಆ ಬೆಂಕಿಯಲ್ಲಿ ರೊಟ್ಟಿ ಬೇಯಿಸಲ್ಲ ಅಂತ ಮನೆಯವರು ಒಲೆ ಆರಿಸಿದರು.

ಒಟ್ಟು ಖರ್ಚು ನಾಲ್ಕು ಸಾವಿರದ ಆಸುಪಾಸು: ಹಳೇ ಡ್ರಮ್ ಎರಡು 2,200, ಥರ್ಮಾಮೀಟರ್ 700, ಉಳಿದದ್ದು ಬಕೆಟ್, ಗೋಣಿ, ತೂತಿನ ಕೂಲಿ. ಬ್ಯಾಚಿಗೆ ಹೊಟ್ಟು 150. ನಾಯಿಗೆ ತಿಂಗಳಿಗೆ 20 ರೂಪಾಯಿ ಮುಟ್ಟುವುದಿಲ್ಲ. ಎರಡೂವರೆ ತಿಂಗಳಿಗೆ ಅರ್ಧಕ್ಕೆ ಇಳಿದ ಕಪ್ಪು ಪುಡಿ, ಮಣ್ಣಿನ ವಾಸನೆ. ಇಷ್ಟು ಕಾವಿಗೂ ಎಲ್ಲ ಮೊಟ್ಟೆ ಸತ್ತವು ಅಂತ ಎದೆ ತಟ್ಟಿ ಹೇಳಲಾಗದು. ಆದ್ದರಿಂದ ಸೊಪ್ಪು, ಟೊಮೆಟೊಗೆ ಹಾಕುವುದಿಲ್ಲ. ಕನಕಾಂಬರಕ್ಕೆ ಹಾಕೋಣ ಅಂದಾಗ "ದೇವರ ತಲೆ ಮೇಲೆ ಏರಿಸೋ ಹೂವಿಗಾ?" ಅಂತ ಎಲ್ಲರೂ ಎದ್ದರು. ಹಾಗಾಗಿ ರಸ್ತೆ ಬದಿಯ ಹೊಂಗೆ, ಬೇವಿನ ಬುಡಕ್ಕೆ, ಮೇಲೆ ನಾಲ್ಕು ಇಂಚು ಮಣ್ಣು ಮುಚ್ಚಿ. ಮಳೆಗಾಲಕ್ಕೆ ಮುಂಚೆ ಆರು ಚೀಲ ಒಣ ಹೊಟ್ಟು ತಂದಿಟ್ಟುಕೊಳ್ಳಿ, ಜುಲೈನಲ್ಲಿ ಸಾಮಿಲ್ಲಿನಲ್ಲಿ ಸಿಗುವುದೆಲ್ಲ ನೆಂದದ್ದೇ.