ವಿಡಿಯೊ ಎಡಿಟಿಂಗ್‌ಗೆ ಹಾರ್ಡ್ ಡಿಸ್ಕ್‌ಗಳನ್ನು ಹೊಂದಿಸುವ ಬಗೆ

ಕೊಪ್ಪಳದ ಗವಿಮಠದ ರಥೋತ್ಸವವನ್ನು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿ, ಎಲ್ಲವನ್ನೂ ಒಂದೇ ಹಾರ್ಡ್ ಡಿಸ್ಕ್‌ಗೆ ತುಂಬಿ, ಮೂರನ್ನೂ ಟೈಮ್‌ಲೈನ್‌ನಲ್ಲಿ ಒಟ್ಟಿಗೆ ಓಡಿಸಿದಾಗ ಸಿಪಿಯು ಪೆಟ್ಟಿಗೆಯಿಂದ ಕಟಕಟ ಸದ್ದು ಬರತೊಡಗುತ್ತದೆ. ತೇರಿನತ್ತ ಎಸೆದ ಉತ್ತತ್ತಿ ಪರದೆಯ ಮೇಲೆ ಗಾಳಿಯಲ್ಲೇ ನಿಂತುಬಿಡುತ್ತದೆ. ಆಗ ಅನೇಕರು ರ‍್ಯಾಮ್ ಹೆಚ್ಚಿಸಲು ಅಥವಾ ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಹೊರಡುತ್ತಾರೆ. ಆದರೆ ಆ ಸದ್ದು ಕೇಳಿದರೆ ಮೊದಲು ಪರೀಕ್ಷಿಸಬೇಕಾದುದು ಡಿಸ್ಕನ್ನೇ.

ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಫುಟೇಜ್ ಎಂದರೆ (8 ಬಿಟ್‌ಗೆ ಒಂದು ಬೈಟ್) 12.5 ಮೆಗಾಬೈಟ್, ಮೂರು ಕ್ಯಾಮೆರಾಗಳಿಗೆ 37.5. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ ಸುಮಾರು 150 ಮೆಗಾಬೈಟ್ ಓದಬಲ್ಲದಾದ್ದರಿಂದ ಲೆಕ್ಕಕ್ಕೆ ಇದು ಧಾರಾಳವಾಗಿ ಸಾಲಬೇಕು. ಆದರೆ ಆ ವೇಗ ಒಂದೇ ಫೈಲನ್ನು ಉದ್ದಕ್ಕೆ ಓದುವಾಗಿನದು. ಬೇರೆ ಬೇರೆ ಕಡೆ ಇರುವ ಮೂರು ಫೈಲುಗಳನ್ನು ಓದುತ್ತಲೇ ಕ್ಯಾಶ್ ಫೈಲುಗಳನ್ನೂ (ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಮಾಡಿಕೊಳ್ಳುವ ತಾತ್ಕಾಲಿಕ ಫೈಲುಗಳು) ಅಲ್ಲಿಯೇ ಬರೆಯಬೇಕಾದಾಗ ಡಿಸ್ಕಿನ ಹೆಡ್ (ಓದಿ ಬರೆಯುವ ಮುಳ್ಳು) ಅತ್ತಿಂದಿತ್ತ ಓಡಾಡುತ್ತದೆ, ಪ್ರತಿ ಓಡಾಟಕ್ಕೂ ಸುಮಾರು 10 ಮಿಲಿಸೆಕೆಂಡ್ ವ್ಯರ್ಥವಾಗುತ್ತದೆ. ಆದ್ದರಿಂದ ಕೆಲಸವನ್ನು ಹಂಚಬೇಕು.

ವಿಂಡೋಸ್ ಮತ್ತು ಎಡಿಟಿಂಗ್ ಸಾಫ್ಟ್‌ವೇರ್‌ಗೆ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್; ಸಾಟಾ ಎಂಬುದು ಅದನ್ನು ಜೋಡಿಸುವ ಸಾಮಾನ್ಯ ಬಗೆ) ಸಾಕು. ಸದ್ಯ ಎಡಿಟ್ ಮಾಡುತ್ತಿರುವ ಫುಟೇಜ್ ಹಾಗೂ ಕ್ಯಾಶ್‌ಗೆ ಅದಕ್ಕಿಂತ ವೇಗದ ಬಗೆಯಾದ ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ. ಅದರಲ್ಲಿ ಓಡಾಡುವ ಹೆಡ್ಡೇ ಇಲ್ಲದ್ದರಿಂದ ಎರಡೂ ಕೆಲಸಗಳನ್ನು ಅದು ಒಟ್ಟಿಗೆ ತಾಳಿಕೊಳ್ಳುತ್ತದೆ. ಮುಗಿದ ಕೆಲಸಗಳು ಹಾರ್ಡ್ ಡಿಸ್ಕ್‌ಗೆ ಹೋಗಲಿ. ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿ, ಕೆಲಸ ಹಂಚಿದೆವೆಂದು ತಿಳಿಯುವವರು ನಮ್ಮ ಭಾಗದ ಸ್ಟುಡಿಯೊಗಳಲ್ಲಿ ಇಂದಿಗೂ ಇದ್ದಾರೆ. ಡ್ರೈವ್ ಅಕ್ಷರ ಮೂರಾದರೂ ಓಡಾಡುವ ಹೆಡ್ ಅದೇ ಆಗಿರುವುದರಿಂದ ಇದರಿಂದ ವೇಗ ಹೆಚ್ಚುವುದಿಲ್ಲ.

ಹೊಸ ಡ್ರೈವ್ ಹಾಕಿದ ಮಾತ್ರಕ್ಕೆ ಕ್ಯಾಶ್ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಪ್ರೀಮಿಯರ್ ಪ್ರೋದಲ್ಲಿ ಪ್ರಿಫರೆನ್ಸಸ್ ತೆರೆದು ಮೀಡಿಯಾ ಕ್ಯಾಶ್ ವಿಭಾಗದಲ್ಲಿ, ಡಾವಿಂಚಿ ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ವರ್ಕಿಂಗ್ ಫೋಲ್ಡರ್ಸ್ ಭಾಗದಲ್ಲಿ ಹೊಸ ಜಾಗವನ್ನು ತೋರಿಸಬೇಕು. ಯಾವ ಡ್ರೈವನ್ನೂ ಪೂರ್ತಿ ತುಂಬಿಸದೆ ಐದರಲ್ಲಿ ಒಂದು ಪಾಲು ಖಾಲಿ ಬಿಡುವುದು ಒಳ್ಳೆಯದು. ಡಿಫ್ರಾಗ್ (ಚದುರಿದ ಫೈಲ್ ತುಂಡುಗಳನ್ನು ಒಂದೆಡೆ ಜೋಡಿಸುವುದು) ಮಾಡುವುದು ಹಾರ್ಡ್ ಡಿಸ್ಕ್‌ಗೆ ಮಾತ್ರ. ಎಸ್‌ಎಸ್‌ಡಿಗೆ ಅದರ ಅಗತ್ಯವಿಲ್ಲ. ಹಾರ್ಡ್ ಡಿಸ್ಕ್ ಕೊಳ್ಳುವಾಗ ಅದು ಸಿಎಂಆರ್ (ದತ್ತಾಂಶದ ಸಾಲುಗಳು ಒಂದರ ಮೇಲೊಂದು ಹೊದಿಯದ) ಬಗೆಯದೇ ಎಂದು ಕೇಳಿ ತಿಳಿಯಿರಿ. ಸಾಲುಗಳು ಒಂದರ ಮೇಲೊಂದು ಹೊದಿಯುವ ಎಸ್‌ಎಂಆರ್ ಡಿಸ್ಕ್ ಕೂಡಿಡಲು ಸರಿ, ಪದೇ ಪದೇ ಬರೆಯುವ ಕೆಲಸಕ್ಕೆ ನಿಧಾನ. ಎಕ್ಸ್‌ಟರ್ನಲ್ ಡಿಸ್ಕನ್ನು ಯುಎಸ್‌ಬಿ 2.0 ಪೋರ್ಟ್‌ಗೆ ಚುಚ್ಚಿದರೆ ಸೆಕೆಂಡಿಗೆ 40 ಮೆಗಾಬೈಟ್ ಸಿಗುವುದೂ ಕಷ್ಟ. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿರುವ 3.0 ಪೋರ್ಟನ್ನೇ ಬಳಸಿರಿ.

ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟುವಾಗ, ಮುಚ್ಚಿದ ಪೆಟ್ಟಿಗೆಯೊಳಗಿನ ಡಿಸ್ಕಿನ ಗತಿಯನ್ನು ಯೋಚಿಸಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಹಾರ್ಡ್ ಡಿಸ್ಕ್‌ನ ಉಷ್ಣತೆ 50 ಡಿಗ್ರಿ ದಾಟಿದರೆ ಫ್ಯಾನಿನ ಧೂಳು ತೆಗೆದು, ಗಾಳಿ ನೇರವಾಗಿ ಡಿಸ್ಕಿಗೆ ತಾಗುವಂತೆ ಮಾಡಿರಿ. ಎನ್‌ವಿಎಂಇ ಅತಿಯಾಗಿ ಕಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಅದಕ್ಕೆ ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್ ಅಗತ್ಯ.

ಎರಡು ಡಿಸ್ಕ್‌ಗಳನ್ನು ರೇಡ್ 0 (ಫೈಲನ್ನು ತುಂಡು ಮಾಡಿ ಎರಡಕ್ಕೂ ಹಂಚುವ ವಿಧಾನ) ಆಗಿ ಜೋಡಿಸಿದರೆ ವೇಗ ಹೆಚ್ಚುವುದು ನಿಜ, ಆದರೆ ಒಂದು ಕೆಟ್ಟರೂ ಎರಡರಲ್ಲಿದ್ದುದೂ ಹೋಗುತ್ತದೆ. ಮದುವೆ ಕೆಲಸಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಒಮ್ಮೆ ಎಕ್ಸ್‌ಪೋರ್ಟ್ ನಡೆಯುತ್ತಿದ್ದಾಗ ಕರೆಂಟ್ ಹೋಗಿ ನನ್ನ ಪ್ರಾಜೆಕ್ಟ್ ಫೈಲ್ ತೆರೆಯದಂತಾಯಿತು. ಬೇರೆ ಡಿಸ್ಕಿನಲ್ಲಿದ್ದ ಆಟೊಸೇವ್ ಪ್ರತಿಯೊಂದೇ ಅಂದು ಕೆಲಸ ಉಳಿಸಿತು. ಅಂದಿನಿಂದ ಯುಪಿಎಸ್ ಇಲ್ಲದೆ ಎಕ್ಸ್‌ಪೋರ್ಟ್ ಆರಂಭಿಸುವುದಿಲ್ಲ. ತಾಳಿ ಕಟ್ಟುವ ಗಳಿಗೆಯನ್ನು ಮತ್ತೆ ಚಿತ್ರೀಕರಿಸಲಾಗದು. ಎರಡು ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿ, ಎರಡನ್ನೂ ತೆರೆದು ನೋಡುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿರಿ.